ಹುಳು ಮೆಚ್ಚಿದ ಕಾದಂಬರಿ

ಗ್ರಂಥಾಲಯದ ಹೊಸ ಕಾದಂಬರಿಗಳ ಕಪಾಟಿನಲ್ಲಿ ಒಂದು ಹುಳು ಒಂಟಿಯಾಗಿ ವಾಸವಾಗಿತ್ತು. ಓದಿದ್ದರ ಬಗ್ಗೆ ಮಾತಾಡಲು ಯಾರಾದರೂ ಸಿಗಲಿ ಎಂದು ಅದು ಬಹಳ ಕಾಲದಿಂದ ಕಾಯುತ್ತಿತ್ತು. ಒಂದು ದಿನ ಜಿರಲೆಯೂ ಇರುವೆಯೂ ಬಂದವು.

“ಹುಳುವಣ್ಣ, ಈ ವರ್ಷದ ಕಾದಂಬರಿಗಳಲ್ಲಿ ಯಾವುದು ಚೆನ್ನಾಗಿದೆ?” ಎಂದಿತು ಜಿರಲೆ.

“ಕೆಳಗಿರುವ ಆ ದಪ್ಪನೆಯದು ಬರೀ ಭಾಷಣ. ಎರಡು ಪುಟ ಕಚ್ಚಿ ಬಿಟ್ಟೆ. ಆದರೆ ಇಲ್ಲಿ ಅಂಬಿಗನ ಹೆಂಡತಿಯ ಕಥೆಯೊಂದಿದೆ, ಒಂದು ಮಾತೂ ಹೆಚ್ಚಿಲ್ಲ. ಕೊನೆಗೆ ಅವಳೇ ದೋಣಿ ಬಿಚ್ಚಿ ಹೊರಡುತ್ತಾಳಲ್ಲ, ಅದನ್ನು ಓದಿ ಬನ್ನಿ. ಕೂತು ಮಾತಾಡೋಣ.”

ಇರುವೆ ಪುಸ್ತಕ ತೆರೆಯಿತು. ಎರಡು ರಟ್ಟುಗಳ ನಡುವೆ ಬರೀ ಪುಡಿಯಿತ್ತು.

“ಪುಟಗಳೆಲ್ಲಿ, ಅಣ್ಣಾ?”

“ತುಂಬಾ ಇಷ್ಟವಾಯಿತು. ತಿಂದುಬಿಟ್ಟೆ,” ಎಂದಿತು ಹುಳು ತಗ್ಗಿದ ದನಿಯಲ್ಲಿ.

“ಒಳ್ಳೇ ರಸಿಕ ನೀನು! ಬಾರೋ ಇರುವೆ, ಅಣ್ಣ ಬಿಟ್ಟಿದ್ದನ್ನೇ ಓದೋಣ,” ಎಂದು ಜಿರಲೆ ನಕ್ಕಿತು.

ಸಂಜೆಯವರೆಗೂ ಅವೆರಡೂ ಆ ದಪ್ಪ ಪುಸ್ತಕ ಓದಿ ಅದರ ಬಗ್ಗೆ ಜಗಳವಾಡಿದವು, ಬಿದ್ದು ಬಿದ್ದು ನಕ್ಕವು. ತಾನೂ ಇಳಿದುಹೋಗಿ ಒಂದು ಮಾತು ಸೇರಿಸೋಣ ಎಂದುಕೊಂಡಿತು ಹುಳು. ಆದರೆ ಆ ಪುಸ್ತಕದಲ್ಲಿ ಅದು ಓದಿದ್ದು ಎರಡೇ ಪುಟ. ಪೂರ್ತಿ ಓದಿದ್ದನ್ನು ಇನ್ನು ಯಾರೂ ಓದುವಂತಿರಲಿಲ್ಲ.