ಮುಂದೆ ನಿಂತವನ ಕಣ್ಣು

ಪರ್ವತಯ್ಯನ ಸುತ್ತಿಗೆ ಏಟು ತಪ್ಪುವುದಿಲ್ಲ ಅಂತ ಆ ಗಣಿ ಊರಿನಲ್ಲಿ ಒಂದು ಮಾತಿತ್ತು. ಗಣಿ ಮುಚ್ಚಿ ವರ್ಷಗಳೇ ಆಗಿದ್ದವು. ಪರ್ವತಯ್ಯನ ಶೆಡ್ಡು ಮಾತ್ರ ಮುಚ್ಚಿರಲಿಲ್ಲ. ಅಲ್ಲಿ ಲಾರಿಗೆ ಬಾಡಿ ಕಟ್ಟುತ್ತಿದ್ದರು. ಬರೀ ಎಂಜಿನ್ನು, ನಾಲ್ಕು ಚಕ್ರ ಹೊತ್ತು ಬತ್ತಲೆ ಬಂದ ಲಾರಿ, ತಿಂಗಳು ಕಳೆಯುವುದರೊಳಗೆ ಮದುಮಗಳ ಹಾಗೆ ಸಿಂಗರಿಸಿಕೊಂಡು ಹೊರಡುತ್ತಿತ್ತು.

ಆ ಶೆಡ್ಡಿನಲ್ಲಿ ಒಂದು ಕಟ್ಟಳೆ. ಬಾಗಿಲ ಪಕ್ಕ ಹಳೆಯ ಬಿಸ್ಕತ್ತಿನ ಡಬ್ಬ ಇಟ್ಟಿತ್ತು. ಹಲಗೆಗೆ ಮೊಳೆ ಹೊಡೆಯುವಾಗ ಯಾರ ಮೊಳೆ ಡೊಂಕಾದರೂ ಅದನ್ನು ಕಿತ್ತು ಆ ಡಬ್ಬಕ್ಕೇ ಹಾಕಬೇಕು. ಸಂಜೆ ಪರ್ವತಯ್ಯ ಡಬ್ಬವನ್ನು ಬೋರಲು ಹಾಕಿ, ಒಂದೊಂದೇ ಮೊಳೆ ಎತ್ತಿ ಹಿಡಿದು, "ಇದು ಯಾರದಪ್ಪಾ?" ಅಂತ ಕೇಳುತ್ತಿದ್ದ. ತಪ್ಪು ಮಾಡಿದವನು ಕೈ ಎತ್ತಬೇಕು. "ಇದು ಅವಸರದ ಏಟು. ಇದು, ಕಣ್ಣು ಮೊಳೆ ಮೇಲಿಲ್ಲ, ಬೀದಿ ಮೇಲಿತ್ತು. ಇದು, ಸುತ್ತಿಗೆಯನ್ನ ಕುತ್ತಿಗೆ ಹತ್ರ ಹಿಡಿದಿದ್ದೀಯ." ಬೈಗುಳ ಒಂದೂ ಇಲ್ಲ. ಆದರೆ ಡೊಂಕು ಮೊಳೆ ಬಚ್ಚಿಟ್ಟವನಿಗೆ ಮಾರನೆಯ ದಿನ ಅಲ್ಲಿ ಕೆಲಸವೂ ಇಲ್ಲ.

ಐವತ್ತೆಂಟು ತುಂಬಿದಾಗ ಡಾಕ್ಟರು "ದಿನಾ ನಡೀರಿ" ಅಂದರು. ಕೆಲಸವಿಲ್ಲದೆ ಸುಮ್ಮನೆ ನಡೆಯುವುದೆಂದರೆ ಪರ್ವತಯ್ಯನಿಗೆ ಅವಮಾನ. ಊರಾಚೆ ಗಣಿಯವರು ಬಿಟ್ಟುಹೋದ ಗಾಲ್ಫ್ ಮೈದಾನವಿತ್ತು. ಹುಲ್ಲು ಕಡಿಮೆ, ಕೆಮ್ಮಣ್ಣು ಹೆಚ್ಚು. ಗುಳಿ ತೋಡಿ ಬಾವುಟ ನೆಟ್ಟ ಕಡೆಯಲ್ಲೆಲ್ಲ ಎಣ್ಣೆ ಬೆರೆಸಿದ ಮರಳಿನ ಕಣ. ನಿಂಬೆಹಣ್ಣಿನಷ್ಟು ಚೆಂಡನ್ನು ಕೋಲು ಬೀಸಿ ಹೊಡೆದು, ಆದಷ್ಟು ಕಡಿಮೆ ಏಟಿನಲ್ಲಿ ಆ ಗುಳಿಗೆ ಸೇರಿಸಬೇಕು. ಆಟ ಅಷ್ಟೇ.

"ಅಲುಗಾಡುವ ಹಲಗೆಗೆ ಮೊಳೆ ಹೊಡೆದವನು ನಾನು. ಕೂತ ಚೆಂಡು ಯಾವ ಲೆಕ್ಕ?" ಅಂತ ಶೆಡ್ಡಿನವರ ಮುಂದೆಲ್ಲ ಹೇಳಿಕೊಂಡೇ ಪರ್ವತಯ್ಯ ಕ್ಲಬ್ಬಿಗೆ ಸೇರಿದ.

ಆ ಮೈದಾನದಲ್ಲಿ ಆಟಗಾರನಿಂದ ಇನ್ನೂರು ಹೆಜ್ಜೆ ಮುಂದೆ ಒಬ್ಬ ಮನುಷ್ಯ ನಿಂತಿರುತ್ತಿದ್ದ. ಚೆಂಡು ಎಲ್ಲಿ ಬಿತ್ತು ಅಂತ ನೋಡಿ ಕೂಗಿ ಹೇಳುವುದೇ ಅವನ ಕೆಲಸ. ಅವನನ್ನು ಆಗೇವಾಲ ಅನ್ನುತ್ತಿದ್ದರು. ಪರ್ವತಯ್ಯನ ಪಾಲಿಗೆ ಬಂದ ಆಗೇವಾಲ ದೊರೆಸ್ವಾಮಿ. ಅರವತ್ತಾರು ವರ್ಷ. ಬಡಕಲು ಮೈ, ಹದ್ದಿನ ಕಣ್ಣು. ಕೋಲಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ನಲವತ್ತು ವರ್ಷ ಆ ಬಿಸಿಲಿನಲ್ಲಿ ನಿಂತವನು.

ಮೊದಲ ಭಾನುವಾರ ಪರ್ವತಯ್ಯ ಅಂಗಿಯ ತೋಳು ಮಡಚಿ, ಸುತ್ತಿಗೆ ಬೀಸಿದ ಹಾಗೆ ಬೀಸಿದ. ಕೋಲು ಗಾಳಿ ಸೀಳಿತು. ಚೆಂಡು ಕೂತಲ್ಲೇ ಕೂತಿತ್ತು. ಎರಡನೆಯ ಏಟಿಗೆ ಒಂದು ಹೆಂಟೆ ಮಣ್ಣು ಹಾರಿತು. ಮೂರನೆಯದಕ್ಕೆ ಚೆಂಡು ಇಪ್ಪತ್ತು ಹೆಜ್ಜೆ ಉರುಳಿ, ಸುಸ್ತಾದವರ ಹಾಗೆ ನಿಂತಿತು.

ದೂರದಿಂದ ದೊರೆಸ್ವಾಮಿ ಕೂಗಿದ. "ಬಂದಿಲ್ಲ ಯಜಮಾನ್ರೇ! ಇಲ್ಲಿಗೆ ಬಂದಿಲ್ಲ!"

ಕೂಗಿ, ಕೆಂಪು ಬಟ್ಟೆ ಹೆಗಲಿಗೇರಿಸಿ, ಆ ಇನ್ನೂರು ಹೆಜ್ಜೆಯನ್ನೂ ನಡೆದುಕೊಂಡು ಹಿಂದಕ್ಕೆ ಬಂದ. ಅವನು ಹಾಗೆ ಬರುವುದನ್ನು ಚಹಾ ಕುಡಿಯುತ್ತಾ ಕೂತಿದ್ದವರೆಲ್ಲ ನೋಡಿದರು. ಯಾರೋ ಅಂದರು, "ಪರ್ವತಯ್ಯನೋರೇ, ಅದು ಮೊಳೆ ಅಲ್ಲ ಸ್ವಾಮೀ, ಒಳಕ್ಕೆ ಇಳಿಸಬೇಡಿ!"

ನಗೆ ಎದ್ದಿತು. ಪರ್ವತಯ್ಯನೂ ನಕ್ಕ. ಕಿವಿ ಮಾತ್ರ ಕಾದ ಕಬ್ಬಿಣವಾಗಿತ್ತು.

ಮುಂದಿನ ವಾರ ಅವನು ದೊರೆಸ್ವಾಮಿಯನ್ನು ಪಕ್ಕಕ್ಕೆ ಕರೆದ. "ನೋಡಯ್ಯಾ, ನೀನು ಕೂಗಬೇಡ."

"ಕೂಗದೆ ಹೆಂಗೆ ಗೊತ್ತಾಗುತ್ತೆ ಯಜಮಾನ್ರೇ, ಚೆಂಡು ಎಲ್ಲಿ ಬಿತ್ತು ಅಂತ?"

"ನಾನು ಹುಡುಕ್ಕೋತೀನಿ. ನೀನು ವಾಪಸ್ಸೂ ಬರಬೇಡ."

ಅದೂ ಸಾಲಲಿಲ್ಲ. ಆ ಕಣ್ಣು ನೋಡುತ್ತಿದೆ ಅಂತ ಗೊತ್ತಾದರೇ ಪರ್ವತಯ್ಯನ ಏಟು ತಪ್ಪುತ್ತಿತ್ತು. ಮೂರನೆಯ ವಾರ ಹೇಳಿಬಿಟ್ಟ. "ನಾನು ಹೊಡೆಯುವಾಗ ಆ ಕಡೆ ತಿರುಗಿ ನಿಂತ್ಕೋ. ಗಣಿ ದಿಬ್ಬ ನೋಡ್ತಾ ಇರು."

ದೊರೆಸ್ವಾಮಿ ಕೋಲು ಹೆಗಲಿಗೇರಿಸಿದ. "ನಲವತ್ತು ವರ್ಷದಲ್ಲಿ ಈ ಕೆಲಸ ಯಾರೂ ಹೇಳಿರಲಿಲ್ಲ ಯಜಮಾನ್ರೇ" ಅಂದ. ಹೇಳಿದ್ದು ಯಜಮಾನರು. ತಿರುಗಿ ನಿಂತ.

ಹೀಗೆ ಮೂರು ತಿಂಗಳು. ಪರ್ವತಯ್ಯ ಹೊಡೆಯುವನು; ಕೆಲವು ಚೆಂಡು ಅಲ್ಲೇ ಉರುಳುತ್ತಿದ್ದವು, ಕೆಲವು ಅಡ್ಡ ಸಿಡಿದು ಪಕ್ಕದ ಪೊದೆಗಳಲ್ಲಿ ಮಾಯ. ಎಡಕ್ಕೆ ಹೋಯಿತೋ, ಬಲಕ್ಕೆ ಹೋಯಿತೋ, ನೋಡಿದವರಿಲ್ಲ. ಯಾಕೆ ಹಾಗೆ ಹೋಯಿತು ಅನ್ನುವುದಂತೂ ದೇವರಿಗೇ ಗೊತ್ತು. ವಾರ ವಾರ ಚೆಂಡು ಕಳೆಯುತ್ತಿತ್ತು, ಆಟ ಮಾತ್ರ ಮೊದಲ ದಿನ ಇದ್ದಲ್ಲೇ ಇತ್ತು. ಕ್ಲಬ್ಬಿನ ಸೆಕ್ರೆಟರಿ ಉತ್ತಯ್ಯ, ಸೈನ್ಯದಿಂದ ನಿವೃತ್ತನಾದ ಕಟ್ಟುನಿಟ್ಟಿನ ಮನುಷ್ಯ, ಒಂದು ದಿನ ಕೇಳಿದ. "ಏನ್ರೀ, ಈ ವಾರವೂ ಕಳೀತಾ? ಮುಂದೆ ದೊರೆಸ್ವಾಮಿ ಇರಲಿಲ್ವಾ?"

"ಇದ್ದ, ಇದ್ದ" ಅಂದು ಪರ್ವತಯ್ಯ ಜಾರಿಕೊಂಡ.

ಆಮೇಲೆ ಹೊಸಬರ ಪಂದ್ಯ ಬಂತು. ಪಂದ್ಯದ ದಿನ ಯಾರ ಆಗೇವಾಲನೂ ತಿರುಗಿ ನಿಲ್ಲುವ ಹಾಗಿಲ್ಲ. ನಾಲ್ಕನೆಯ ಗುಳಿಯ ದಾರಿಯಲ್ಲಿ ಪರ್ವತಯ್ಯನ ಚೆಂಡು ಲಂಟಾನ ಪೊದೆ ಹೊಕ್ಕಿತು. ಕೂಗಬೇಡ ಅಂದ ಮಾತಿಗೆ ಕಟ್ಟುಬಿದ್ದ ದೊರೆಸ್ವಾಮಿ ಕೂಗಲಿಲ್ಲ. ಅಲ್ಲಿಂದ ಹೊರಗೆ ಎತ್ತಿ ಇಡಬಹುದು, ಆದರೆ ಒಂದು ಏಟು ದಂಡ ತೆರಬೇಕು. ಪರ್ವತಯ್ಯ ಹಿಂದೆ ಮುಂದೆ ನೋಡಿದ. ಬೂಟಿನ ತುದಿಯಿಂದ ಚೆಂಡನ್ನು ಮೆಲ್ಲಗೆ ಹೊರಗೆ ತಳ್ಳಿದ.

ಜೊತೆಯ ಆಟಗಾರನಿಗೆ ಅನುಮಾನ ಬಂತು. ಆಟ ಮುಗಿದ ಮೇಲೆ ಉತ್ತಯ್ಯ ಎಲ್ಲರ ಎದುರಿಗೇ ಕೇಳಿದ. "ದೊರೆಸ್ವಾಮಿ, ನಾಲ್ಕನೇದರಲ್ಲಿ ಇವರ ಚೆಂಡು ಎಲ್ಲಿ ಬಿತ್ತು?"

"ಪೊದೆ ಒಳಗೆ ಸಾರ್. ಮೂರು ಹೆಜ್ಜೆ ಒಳಗೆ."

ಪರ್ವತಯ್ಯನ ಬಾಯಿಂದ ಮಾತು ತಾನಾಗಿ ಹೊರಟಿತು. ಬಲು ಸಲೀಸಾಗಿ ಹೊರಟಿತು.

"ಪಾಪ, ಅವನದೇನು ತಪ್ಪು? ವಯಸ್ಸಾಯ್ತು. ಕಣ್ಣು ಮಂಜು. ನನ್ನ ಎಷ್ಟು ಚೆಂಡು ಕಳೆದುಹೋಗಿದೆ, ನೀವೇ ನೋಡಿದ್ದೀರಲ್ಲ ಸೆಕ್ರೆಟರಿಗಳೇ."

ಉತ್ತಯ್ಯನಿಗೆ ಕಳೆದ ಚೆಂಡುಗಳು ನೆನಪಾದವು. ಅವನು ತಲೆ ಆಡಿಸಿದ.

ದೊರೆಸ್ವಾಮಿ ಒಂದೇ ಒಂದು ಮಾತು ಆಡಬಹುದಿತ್ತು. ‘ಸಾರ್, ಇವರೇ ನನ್ನನ್ನು ತಿರುಗಿ ನಿಲ್ಲು ಅಂದಿದ್ದು.’ ಆಡಲಿಲ್ಲ. ಆಮೇಲೆ ಕೋಲಿನಿಂದ ಕೆಂಪು ಬಟ್ಟೆ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಉತ್ತಯ್ಯನ ಮೇಜಿನ ಮೇಲಿಟ್ಟ.

"ಇನ್ನು ನೀನು ಮುಂದೆ ನಿಲ್ಲಬೇಡ. ಮರಳು ಎಳಿ" ಅಂದ ಉತ್ತಯ್ಯ, ದನಿ ತಗ್ಗಿಸಿ.

ಮರಳು ಎಳೆಯುವುದೆಂದರೆ ಒದ್ದೆ ಗೋಣಿ ಎಳೆದು, ಮರಳಿನ ಕಣದ ಮೇಲೆ ಮೂಡಿದ ಹೆಜ್ಜೆ ಗುರುತು ಅಳಿಸುವ ಕೆಲಸ. ಕಣ್ಣಿಲ್ಲದವನೂ ಮಾಡಬಹುದಾದ ಕೆಲಸ.

ಮುಂದಿನ ಭಾನುವಾರ ಪರ್ವತಯ್ಯ ಚೆಂಡನ್ನು ಗುಳಿಗೆ ಹಾಕಿ ಹಿಂತಿರುಗಿ ನೋಡಿದರೆ, ದೊರೆಸ್ವಾಮಿ ಬೆನ್ನು ಬಗ್ಗಿಸಿ ಅವನ ಹೆಜ್ಜೆಗಳನ್ನೇ ಅಳಿಸುತ್ತಾ ಬರುತ್ತಿದ್ದ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಪರ್ವತಯ್ಯ ಉಳಿದ ಆಟ ಬಿಟ್ಟು ಮನೆಗೆ ಹೋದ. ಅದರ ಮುಂದಿನ ವಾರ ಹೋಗಲೇ ಇಲ್ಲ. "ಸೊಂಟ ನೋವು" ಅಂದ. ಕೋಲುಗಳು ಅಟ್ಟ ಸೇರಿದವು.

ಆ ದಿನಗಳಲ್ಲೇ ಶೆಡ್ಡಿಗೆ ನಿಂಗರಾಜ ಅನ್ನುವವನು ಹೊಸದಾಗಿ ಸೇರಿದ್ದ. ನಲವತ್ತು ದಾಟಿದವನು. ಮಗ್ಗ ನಿಂತುಹೋದ ಮೇಲೆ ಸುತ್ತಿಗೆ ಹಿಡಿದಿದ್ದ. ಒಂದು ಸಂಜೆ ಹಿರಿ ಮೇಸ್ತ್ರಿ ಅವನ ಊಟದ ಡಬ್ಬಿ ತಂದು ಪರ್ವತಯ್ಯನ ಮುಂದೆ ಬೋರಲು ಹಾಕಿದ. ರೊಟ್ಟಿ ಚೂರಿನ ಜೊತೆ ಡೊಂಕು ಮೊಳೆಗಳು ಉದುರಿದವು, ಹದಿನೈದಕ್ಕೂ ಹೆಚ್ಚು.

"ನೋಡಿ ಯಜಮಾನ್ರೇ, ಮನೆಗೆ ಸಾಗಿಸ್ತಿದ್ದ. ರೂಲು ಅಂದ್ರೆ ರೂಲು. ಹೊರಗೆ ಹಾಕಿ."

ನಿಂಗರಾಜ ನೆಲ ನೋಡುತ್ತಿದ್ದ. "ನಾಚಿಕೆ ಆಯ್ತು ಯಜಮಾನ್ರೇ. ನನಗಿಂತ ಚಿಕ್ಕವರೆಲ್ಲ ನೆಟ್ಟಗೆ ಹೊಡೀತಾರೆ. ಈ ವಯಸ್ಸಿನಲ್ಲಿ ದಿನಾ ಸಂಜೆ ಕೈ ಎತ್ತೋದು ಅಂದ್ರೆ..."

"ಮೊಳೆ ಕಳಪೆ ಇತ್ತು ಅನ್ನಬಹುದಿತ್ತಲ್ಲ?" ಪರ್ವತಯ್ಯ ಕೇಳಿದ. "ಹಲಗೆ ಗಟ್ಟಿ ಇತ್ತು ಅನ್ನಬಹುದಿತ್ತು. ಪಕ್ಕದವನು ತಳ್ಳಿದ ಅನ್ನಬಹುದಿತ್ತು."

"ಹೆಂಗೆ ಅನ್ನಲಿ? ಮೊಳೆ ನೆಟ್ಟಗಿತ್ತು. ಏಟೇ ಡೊಂಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಂಗಾಗುತ್ತೆ."

ಪರ್ವತಯ್ಯ ಬಾಯಿ ತೆರೆದ. ಮೂವತ್ತು ವರ್ಷದಿಂದ ಹೇಳುತ್ತಾ ಬಂದ ಮಾತು ನಾಲಿಗೆಯ ಮೇಲಿತ್ತು. ‘ಬಚ್ಚಿಟ್ಟವನಿಗೆ ಇಲ್ಲಿ ಕೆಲಸವಿಲ್ಲ.’ ಅದು ಹೊರಗೆ ಬರಲಿಲ್ಲ. ಇವನು ತನ್ನ ಡೊಂಕನ್ನು ತನ್ನ ಡಬ್ಬಿಯಲ್ಲೇ ಬಚ್ಚಿಟ್ಟಿದ್ದ. ತಾನು ಬಚ್ಚಿಟ್ಟಿದ್ದು ಒಬ್ಬ ಮುದುಕನ ಕಣ್ಣಿನಲ್ಲಿ. ಬಚ್ಚಿಡುವುದಕ್ಕೆ ಆ ಕಣ್ಣನ್ನೇ ಕಿತ್ತಿದ್ದ.

ಮೇಸ್ತ್ರಿ ಕಾಯುತ್ತಿದ್ದ. ಪರ್ವತಯ್ಯ ಕೆಳಗೆ ಕೂತು ಆ ಮೊಳೆಗಳನ್ನು ಒಂದೊಂದಾಗಿ ಆರಿಸಿ ಬಿಸ್ಕತ್ತಿನ ಡಬ್ಬಕ್ಕೆ ಹಾಕಿದ. "ನಾಳೆ ಬಾ ನಿಂಗರಾಜ. ಬಂದು ಕೈ ಎತ್ತು" ಅಂದ. ಒಂದು ಮೊಳೆಯನ್ನು ಮಾತ್ರ ತನ್ನ ಜೇಬಿಗೆ ಹಾಕಿಕೊಂಡ.

ಭಾನುವಾರ ಕ್ಲಬ್ಬಿನಲ್ಲಿ ಎಲ್ಲರೂ ಚಹಾಕ್ಕೆ ಸೇರಿದ್ದರು. ಪರ್ವತಯ್ಯ ಉತ್ತಯ್ಯನ ಮೇಜಿನ ಮುಂದೆ ಹೋಗಿ ನಿಂತು, ಶೆಡ್ಡಿನಲ್ಲಿ ಕಲಿಯುವವರು ಎತ್ತುವ ಹಾಗೆ ಕೈ ಎತ್ತಿದ.

"ಏನ್ರೀ ಇದು?" ಅಂದ ಉತ್ತಯ್ಯ.

"ಚೆಂಡು ಪೊದೆಯಲ್ಲಿತ್ತು. ಕಾಲಿಂದ ತಳ್ಳಿದ್ದು ನಾನು. ದೊರೆಸ್ವಾಮಿಯವರ ಕಣ್ಣಿಗೆ ಏನೂ ಆಗಿಲ್ಲ. ಅಷ್ಟು ಚೆಂಡು ಕಳೆದದ್ದು ಯಾಕೆ ಅಂದ್ರೆ, ನನ್ನ ಆಟ ನೋಡಬೇಡ, ತಿರುಗಿ ನಿಲ್ಲು ಅಂತ ನಾನೇ ಹೇಳಿದ್ದೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಒಬ್ಬ ಮುಖ ತಿರುಗಿಸಿಕೊಂಡ. ಉತ್ತಯ್ಯ ಚಹಾ ಲೋಟ ಪಕ್ಕಕ್ಕೆ ಸರಿಸಿ, "ಈ ವರ್ಷ ನಿಮಗೆ ಯಾವ ಪಂದ್ಯವೂ ಇಲ್ಲ" ಅಂದ. ಮೇಜಿನ ಖಾನೆಯಿಂದ ಮಡಿಸಿದ ಕೆಂಪು ಬಟ್ಟೆ ತೆಗೆದ. "ಇದನ್ನ ನೀವೇ ತಗೊಂಡು ಹೋಗಿ ಕೊಡಿ."

ದೊರೆಸ್ವಾಮಿ ಆರನೆಯ ಗುಳಿಯ ಹತ್ತಿರ ಗೋಣಿ ಎಳೆಯುತ್ತಿದ್ದ. ಪರ್ವತಯ್ಯ ಎರಡೂ ಕೈಯಲ್ಲಿ ಬಟ್ಟೆ ಹಿಡಿದು ನಿಂತ. "ದೊರೆಸ್ವಾಮಣ್ಣ, ನನ್ನಿಂದ ತಪ್ಪಾಯ್ತು. ಎಲ್ಲರ ಮುಂದೆ ಹೇಳಿ ಬಂದಿದ್ದೀನಿ. ಅವತ್ತು ನೀವು ಯಾಕೆ ನಿಜ ಹೇಳಲಿಲ್ಲ?"

‘ನೀನು’ ಹೋಗಿ ‘ನೀವು’ ಬಂದದ್ದು ಮುದುಕನ ಕಿವಿಗೆ ಬಿತ್ತು. ಅವನು ಗೋಣಿ ಕೆಳಗೆ ಬಿಟ್ಟ.

"ನಾನು ಹೇಳಿದೆನಲ್ಲ ಯಜಮಾನ್ರೇ, ಮೂರು ಹೆಜ್ಜೆ ಒಳಗೆ ಅಂತ. ಕಂಡದ್ದು ಹೇಳೋದು ನನ್ನ ಕೆಲಸ. ಕೇಳಿಸ್ಕೊಳ್ಳೋದು ನಿಮ್ಮದಾಗಿತ್ತು." ಬಟ್ಟೆ ತೆಗೆದುಕೊಂಡು ಕೋಲಿಗೆ ಕಟ್ಟುತ್ತಾ ಅಂದ, "ಕಣ್ಣಿಗೇನೂ ಆಗಿಲ್ಲ ಬಿಡಿ. ಮೂರು ತಿಂಗಳು ಗಣಿ ದಿಬ್ಬ ನೋಡಿ ನೋಡಿ ತಂಪಾಗಿದೆ. ನಡೀರಿ, ಒಂದು ಏಟು ಹೊಡೀರಿ."

"ಇವತ್ತಾ? ಎಲ್ಲಾ ನೋಡ್ತಿದ್ದಾರೆ."

"ಅದಕ್ಕೇ."

ಪರ್ವತಯ್ಯ ಕ್ಲಬ್ಬಿನ ಕೋಲೊಂದನ್ನು ತಂದು ಹೊಡೆದ. ಚೆಂಡು ಇಪ್ಪತ್ತು ಹೆಜ್ಜೆ ಉರುಳಿ ನಿಂತಿತು, ಮೊದಲ ದಿನದ ಹಾಗೆಯೇ. ದೂರದಿಂದ ಕೂಗು ಬರುತ್ತೆ ಅಂತ ಅವನು ತಲೆ ತಗ್ಗಿಸಿ ಕಾದ. ಕೂಗು ಬರಲಿಲ್ಲ. ದೊರೆಸ್ವಾಮಿ ಇನ್ನೂರು ಹೆಜ್ಜೆ ಆಚೆ ಹೋಗಿರಲೇ ಇಲ್ಲ. ಚೆಂಡು ನಿಂತ ಜಾಗದ ಪಕ್ಕದಲ್ಲೇ ಕೋಲು ಊರಿ ನಿಂತಿದ್ದ.

"ಇವತ್ತು ನಾನು ನಿಲ್ಲೋ ಜಾಗ ಇದು" ಅಂದ. "ನೀವು ತಲೆ ಬೇಗ ಎತ್ತಿದ್ರಿ, ಅದಕ್ಕೆ ಉರುಳ್ತು. ಚೆಂಡು ಹೋದ ಮೇಲೂ ಅದು ಕೂತಿದ್ದ ಮಣ್ಣನ್ನೇ ನೋಡ್ತಾ ಇರಿ. ಎಲ್ಲಿ ಹೋಯ್ತು ಅಂತ ನೋಡೋಕೆ ನಾನಿದ್ದೀನಿ. ನಿಮ್ಮ ಏಟು ಎಷ್ಟು ದೂರ ಹೋಗುತ್ತೋ, ನಾನೂ ಅಷ್ಟೇ ದೂರ ಹೋಗ್ತೀನಿ. ಅವಸರ ಇಲ್ಲ."

ಒಂದು ತಿಂಗಳಿಗೆ ಕೆಂಪು ಬಟ್ಟೆ ತಂಗಡಿ ಗಿಡದ ಹತ್ತಿರ ಹೋಯಿತು. ನಡುವೆ ಎರಡು ವಾರ ಹಿಂದಕ್ಕೂ ಬಂತು. ಮಳೆಗಾಲದ ಹೊತ್ತಿಗೆ ಹುಣಸೆ ಮರದ ಬುಡ ಮುಟ್ಟಿತು, ನೂರಾ ಹತ್ತು ಹೆಜ್ಜೆ. ಪರ್ವತಯ್ಯ ಈಗ ಬೇರೆಯವರ ಏಟಿನ ಕಡೆ ನೋಡುವುದಿಲ್ಲ. ಬೆಳಿಗ್ಗೆ ಬಂದವನೇ ಕೆಂಪು ಬಟ್ಟೆ ಎಲ್ಲಿದೆ ಅಂತ ನೋಡುತ್ತಾನೆ. ಹೋದ ವಾರಕ್ಕಿಂತ ಒಂದು ಮಾರು ಆಚೆಗಿದ್ದರೆ ಅವತ್ತಿಗೆ ಅದೇ ಹಬ್ಬ.

ಒಂದು ಮಾತ್ರ ಸರಿಹೋಗಲಿಲ್ಲ. ಅವತ್ತು ಪಂದ್ಯಕ್ಕೆ ಹೊರಗಿನಿಂದ ಬಂದಿದ್ದ ಒಬ್ಬ, ಪರ್ವತಯ್ಯ ತಪ್ಪೊಪ್ಪಿಕೊಂಡ ದಿನ ಇರಲಿಲ್ಲ. ಅವನು ಯಾವಾಗ ಬಂದರೂ ತಮಾಷೆಗೆ ಕೂಗುತ್ತಾನೆ, "ಏನ್ ದೊರೆಸ್ವಾಮಿ, ಕಣ್ಣು ಕಾಣುತ್ತಾ?" ಪರ್ವತಯ್ಯ ಪ್ರತಿ ಸಲವೂ ಹೋಗಿ ಅವನಿಗೆ ನಿಜ ಹೇಳುತ್ತಾನೆ. ಅವನು ನಕ್ಕು, ಮರೆತು, ಮತ್ತೆ ಕೂಗುತ್ತಾನೆ. ಆಗೆಲ್ಲ ಪರ್ವತಯ್ಯನ ಕೈ ಜೇಬಿನೊಳಗಿನ ಡೊಂಕು ಮೊಳೆಯನ್ನು ಮುಟ್ಟಿ ನೋಡಿಕೊಳ್ಳುತ್ತದೆ.

ನೀತಿ: ಹೊಸದಾಗಿ ಕಲಿಯುವವನ ಏಟು ತಪ್ಪುವುದು ನಾಚಿಕೆಯಲ್ಲ, ತಪ್ಪನ್ನು ಮುಚ್ಚಲು ಕಂಡವನ ಕಣ್ಣಿಗೆ ದೋಷ ಹೊರಿಸುವುದು ನಾಚಿಕೆ. ನಿನ್ನ ಚೆಂಡು ಎಲ್ಲಿ ಬಿತ್ತು ಅಂತ ನಿಜ ಹೇಳುವವನನ್ನು ಎದುರಿಗೇ ನಿಲ್ಲಿಸಿಕೋ. ಅವನು ಇಪ್ಪತ್ತೇ ಹೆಜ್ಜೆಯಲ್ಲಿ ನಿಂತಿದ್ದರೂ ಚಿಂತೆಯಿಲ್ಲ, ನಿನ್ನ ದಾರಿ ಅಲ್ಲಿಂದಲೇ ಶುರು.