ಅರ್ಧ ಆಟ ನೋಡಿದ ಮುಸುವ

ಕುರುಚಲು ಕಾಡಿನ ಅಂಚಿಗೊಂದು ಕೆರೆ. ಬೇಸಿಗೆ ಬಂತೆಂದರೆ ನೀರು ನಡುವಿಗೆ ಸರಿದು, ಕೆರೆಯಂಗಳ ಒಣಗಿ ಚಪ್ಪಟೆಯಾಗಿ ಬಿದ್ದಿರುತ್ತಿತ್ತು. ಮಕ್ಕಳೇ, ಅಂಥ ಜಾಗ ಕಂಡರೆ ನಿಮ್ಮ ಕಾಲು ಸುಮ್ಮನಿರುತ್ತದೆಯೇ? ಅಲ್ಲಿನ ಪ್ರಾಣಿಗಳ ಕಾಲೂ ಸುಮ್ಮನಿರುತ್ತಿರಲಿಲ್ಲ. ಆದರೆ ಆಡಲು ಅವುಗಳ ಹತ್ತಿರ ಏನೂ ಇರಲಿಲ್ಲ.

ಒಂದು ಬೆಳಿಗ್ಗೆ ಕೆಂಚಿ ಎಂಬ ಮುಂಗುಸಿಗೆ ಕಾಲುವೆಯ ಜೊಂಡಿನಲ್ಲಿ ಸಿಕ್ಕಿಕೊಂಡ ಚೆಂಡೊಂದು ಕಂಡಿತು. ಎಲ್ಲಿಂದಲೋ ತೇಲಿ ಬಂದದ್ದು. ಕೆಂಚಿ ಅದನ್ನು ಮೂಸಿದಳು, ಉರುಳಿಸಿದಳು, ಮೇಲೆ ಹತ್ತಲು ಹೋಗಿ ದೊಪ್ಪನೆ ಬಿದ್ದಳು. ಅವತ್ತಿನಿಂದ ಅದನ್ನು ತಬ್ಬಿಕೊಂಡೇ ಮಲಗತೊಡಗಿದಳು.

"ಇದೇನು? ಇದರಲ್ಲಿ ಏನು ಮಾಡ್ತಾರೆ? ಯಾಕೆ ಇಷ್ಟು ಗುಂಡಗಿದೆ?" ಎಂದು ಸಿಕ್ಕಸಿಕ್ಕವರನ್ನೆಲ್ಲ ಕೇಳಿದಳು.

ಹುಣಸೆ ಮರದ ಮೇಲಿಂದ ಮುಸುವ ದೊರೆಯಪ್ಪ ನಕ್ಕ. ಕಪ್ಪು ಮೋರೆ, ಉದ್ದ ಬಾಲ, ಬಾಲಕ್ಕಿಂತ ಉದ್ದ ಮಾತು.

"ಅಯ್ಯೋ ಪೆದ್ದೀ, ಅದು ಫುಟ್‌ಬಾಲ್! ಶಾಲೆ ಮೈದಾನದ ಬೇವಿನ ಮರದ ಮೇಲೆ ಕೂತು ಆ ಆಟ ಪೂರಾ ನೋಡಿದ್ದೀನಿ ನಾನು."

ಪೂರಾ ಅಂದನಲ್ಲ, ಅದು ಶುದ್ಧ ಸುಳ್ಳು. ಅವನು ನೋಡಿದ್ದು ಅರ್ಧ ಆಟ, ಅದೂ ಒಂದು ಕಣ್ಣು ತಿಂಡಿಯ ಮೇಲಿಟ್ಟುಕೊಂಡು. ನಡುವೆ ವಿರಾಮ ಬಿಟ್ಟಾಗ ಮಕ್ಕಳ ಬುತ್ತಿಗೆ ಕೈ ಹಾಕಲು ಇಳಿದಿದ್ದ. ಕಾವಲುಗಾರ ಕೋಲು ಹಿಡಿದು ಬಂದ, ದೊರೆಯಪ್ಪ ಕಾಲಿಗೆ ಬುದ್ಧಿ ಹೇಳಿದ. ಮುಂದಿನ ಅರ್ಧದಲ್ಲಿ ಏನಾಯಿತೆಂದು ಯಾರನ್ನೂ ಕೇಳಲಿಲ್ಲ. ಕೇಳಿದರೆ ಮರ್ಯಾದೆ ಹೋಗುತ್ತದಲ್ಲ!

ಚೆಂಡಿನ ಸುದ್ದಿ ಗುಡ್ಡದವರೆಗೂ ಹೋಯಿತು. ಗುಡ್ಡದ ನರಿ ರುದ್ರೋಜಿ ನೋಡಲು ಬಂದ. "ನಮಗೂ ಬೇಕಲ್ಲ ಇದು" ಎಂದ.

"ಹಾಗಾದ್ರೆ ಪಂದ್ಯ ಆಡೋಣ. ಗೆದ್ದವರಿಗೆ ಚೆಂಡು!" ಎಂದುಬಿಟ್ಟ ದೊರೆಯಪ್ಪ.

ಕೆಂಚಿ ಚೆಂಡನ್ನು ಅವಚಿಕೊಂಡಳು. "ಅಣ್ಣಾ, ಅದು ನನ್ನ ಚೆಂಡು!"

"ಅಳಬೇಡ ಸುಮ್ನಿರು. ನಾನಿದ್ದೀನಲ್ಲ!"

"ನಾನೂ ಆಡ್ತೀನಿ. ಚೆಂಡು ಎಲ್ಲಿ ಹೋದ್ರೆ ಗೋಲು? ಕೈಯಲ್ಲಿ ಮುಟ್ಟಬಹುದಾ? ಎಷ್ಟು ಜನ..."

"ನಿನ್ನ ಪ್ರಶ್ನೆ ಕೇಳಿ ಕೇಳಿ ನನ್ನ ತಲೆ ಚಿಟ್ಟುಹಿಡಿದಿದೆ. ನೀನು ಬದಲಿ ಆಟಗಾರ್ತಿ. ಯಾರಿಗಾದ್ರೂ ಪೆಟ್ಟಾದ್ರೆ ಬಾ, ಅಲ್ಲೀತನಕ ಹೊರಗೆ ಕೂತ್ಕೋ."

ರೆಫರಿ ಆಗಲು ಟಿಟ್ಟಿಭ ಹಕ್ಕಿ ಗೌರಕ್ಕನನ್ನು ಕರೆದರು. ಅವಳ ಕೂಗು ಸೀಟಿಗಿಂತ ಜೋರು, ಅಷ್ಟೇ ಅವರಿಗೆ ಗೊತ್ತಿದ್ದದ್ದು. ಆದರೆ ಟಿಟ್ಟಿಭಗಳು ಬಯಲಲ್ಲೇ ಮೊಟ್ಟೆ ಇಡುತ್ತವೆ, ನೋಡಿ. ಗೌರಕ್ಕ ಮೂರು ವರ್ಷ ಮೊಟ್ಟೆ ಇಟ್ಟದ್ದು ಆ ಶಾಲೆ ಮೈದಾನದ ಮೂಲೆಯಲ್ಲೇ. ಕಾವು ಕೊಡುತ್ತ ಕೂತು ನೂರಾರು ಆಟ ನೋಡಿದ್ದಳು. ಅದನ್ನು ಅವಳೂ ಹೇಳಿಕೊಳ್ಳಲಿಲ್ಲ, ಯಾರೂ ಕೇಳಲೂ ಇಲ್ಲ.

ಪಂದ್ಯದ ದಿನ ಗೌರಕ್ಕ ಒಣಮಣ್ಣಿನಲ್ಲಿ ಕಾಲಿಂದ ಗೆರೆ ಎಳೆಯುತ್ತ ಹೊರಟಳು. ಕೆಂಚಿ ಅವಳ ಬೆನ್ನಿಗೇ ಬಿದ್ದಳು.

"ಈ ಗೆರೆ ಯಾಕಕ್ಕಾ?"

"ಆಟ ಇದರೊಳಗೇ. ಚೆಂಡು ಪೂರ್ತಿ ದಾಟಿದ್ರೆ ಹೊರಗೆ. ಗೆರೆ ಮೇಲೇ ಇದ್ರೆ ಇನ್ನೂ ಒಳಗೇ."

"ಎಲ್ಲರೂ ಚೆಂಡಿನ ಹಿಂದೇ ಓಡಿದ್ರೆ ಆಗಲ್ವಾ?"

"ಮನೆಯವರೆಲ್ಲ ಒಟ್ಟಿಗೆ ಸಂತೆಗೆ ಹೋದ್ರೆ ಬಾಗಿಲು ಯಾರು ಕಾಯ್ತಾರೆ? ಗೋಲ್‌ಕೀಪರ್ ಬಾಗಿಲಲ್ಲೇ ಇರ್ತಾನೆ. ಅವನೊಬ್ಬನೇ ಕೈಯಲ್ಲಿ ಹಿಡೀಬಹುದು, ಅದೂ ಈ ಚೌಕದೊಳಗೆ ಮಾತ್ರ. ಅವನ ಮುಂದೆ ಡಿಫೆಂಡರ್, ಬಂದವರನ್ನು ತಡೆಯೋನು. ನಡುವೆ ಮಿಡ್‌ಫೀಲ್ಡರ್, ಚೆಂಡನ್ನು ಹಿಂದಿನವರಿಂದ ಮುಂದಿನವರಿಗೆ ಮುಟ್ಟಿಸೋನು. ಎಲ್ಲರಿಗಿಂತ ಮುಂದೆ ಫಾರ್ವರ್ಡ್, ಗೋಲು ಹೊಡೆಯೋನು."

"ಶಾಲೆ ಮಕ್ಕಳೂ ನಮ್ಮ ಹಾಗೆ ಐದೈದು ಜನಾನೇ ಆಡ್ತಾರಾ?"

"ಅವರು ಹನ್ನೊಂದು. ನಮ್ಮಲ್ಲಿ ಸಿಕ್ಕಿದ್ದೇ ಇಷ್ಟು ಜನ ಮಾರಾಯ್ತಿ."

ಆಟ ಶುರುವಾಯಿತು. ಕೆರೆಯವರ ಗೋಲ್‌ಕೀಪರ್ ಆಮೆ ಬೋರಜ್ಜ. ಮುಳ್ಳುಹಂದಿ ಡಿಫೆಂಡರ್, ಮುಳ್ಳು ಎತ್ತಿದರೆ ಚೆಂಡು ಒಡೆಯುತ್ತದೆಂದು ಅವನಿಗೆ ಮೊದಲೇ ಗದರಿದ್ದರು. ನಡುವೆ ಎರಡು ಮೊಲ. ಮುಂದೆ ದೊರೆಯಪ್ಪ. ಅವರು ಗೋಲು ಹೊಡೆಯಬೇಕಾದದ್ದು ಜಾಲಿ ಮರದ ಕಡೆಯ ಎರಡು ಕಲ್ಲುಗಳ ನಡುವೆ, ಕಾಯಬೇಕಾದದ್ದು ಏರಿಯ ಕಡೆಯ ಕಲ್ಲುಗಳನ್ನು.

ದೊರೆಯಪ್ಪ ಓಡುವುದರಲ್ಲಿ ಗಟ್ಟಿಗ. ಹತ್ತು ನಿಮಿಷದಲ್ಲಿ ಜಾಲಿ ಕಡೆ ಗೋಲು ಹೊಡೆದೇಬಿಟ್ಟ. ಚೆಂಡು ಪಕ್ಕದ ಗೆರೆ ದಾಟಿದಾಗ ಎಸೆಯಲೂ ಅವನೇ ಹೋದ, ಕೆರೆಯವರಲ್ಲಿ ಕೈಯಿದ್ದವನು ಅವನೊಬ್ಬನೇ. ಒಂದೇ ಕೈಯಲ್ಲಿ ಬೀಸಿ ಎಸೆದ.

"ಟೀ-ಟೀ-ಟ್ಟೀ! ಎಸೆದದ್ದು ತಪ್ಪು. ಚೆಂಡು ಗುಡ್ಡದವರಿಗೆ" ಎಂದಳು ಗೌರಕ್ಕ.

"ಗೊತ್ತು ಗೊತ್ತು. ಸುಮ್ನೆ ತಮಾಷೆಗೆ ಹಾಗೆಸೆದೆ" ಎಂದ. ಮುಂದಿನ ಸಲವೂ ಅದೇ ತಮಾಷೆ ಮಾಡಿದ.

ಅತ್ತ ನರಿ ರುದ್ರೋಜಿ ಒಂದು ಉಪಾಯ ಹೂಡಿದ. ಎಲ್ಲರನ್ನೂ ದಾಟಿ ಬೋರಜ್ಜನ ಪಕ್ಕದಲ್ಲೇ ಹೋಗಿ ನಿಂತ. ಅವನ ಗೆಳೆಯ ದೂರದಿಂದ ಅವನತ್ತ ಚೆಂಡು ಒದ್ದ.

"ಟೀ-ಟ್ಟೀ! ಆಫ್‌ಸೈಡ್! ಗೆಳೆಯ ಚೆಂಡು ಒದೆಯೋ ಮೊದಲೇ ಹೀಗೆ ಎಲ್ಲರನ್ನೂ ದಾಟಿ ಹೊಂಚುಹಾಕಿ ನಿಲ್ಲೋ ಹಾಗಿಲ್ಲ" ಎಂದಳು ಗೌರಕ್ಕ. ರುದ್ರೋಜಿ ಮುಖ ಸಣ್ಣದು ಮಾಡಿಕೊಂಡು ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡ.

ವಿರಾಮ ಬಂತು. ದೊರೆಯಪ್ಪ ಸರಸರನೆ ಹುಣಸೆ ಮರ ಹತ್ತಿದ. ಕೆಂಚಿ ಗೌರಕ್ಕನ ಹತ್ತಿರ ಓಡಿದಳು.

"ಅಕ್ಕಾ, ಆಫ್‌ಸೈಡ್ ಅಂದ್ರೆ ಯಾವಾಗ್ಲೂನಾ?"

"ಇಲ್ಲ. ಗೆರೆಯಾಚೆಯಿಂದ ಕೈಯಲ್ಲಿ ಎಸೆದಾಗ ಆಫ್‌ಸೈಡ್ ಇಲ್ಲ."

"ಎಸೆಯೋದು ಹೇಗೆ?"

ಹೇಗೆಂದು ಗೌರಕ್ಕ ಹೇಳಿಕೊಟ್ಟಳು.

"ಈಗ ಮುಂದೇನು?"

"ಈಗ ಎರಡೂ ತಂಡ ಕಡೆ ಬದಲಿಸ್ತಾವೆ. ಎದುರು ಬಿಸಿಲು, ಎದುರು ಗಾಳಿ ಒಬ್ಬರಿಗೇ ಆಗಬಾರದಲ್ಲ?"

ಬೋರಜ್ಜ ಆಗಲೇ ಜಾಲಿ ಕಡೆ ಹೆಜ್ಜೆ ಹಾಕುತ್ತಿದ್ದ. ಕೆಂಚಿ ಮರದ ಬುಡಕ್ಕೆ ಬಂದು ಕೂಗಿದಳು. "ಅಣ್ಣಾ, ಈಗ ಕಡೆ..."

"ಗೊತ್ತು!"

"ಅಲ್ಲಣ್ಣಾ, ನಾವೀಗ ಏರಿ ಕಡೆ..."

"ಎಲ್ಲಾ ಗೊತ್ತು ಕಣೇ! ಹುಣಸೆಕಾಯಿ ತಿನ್ನೋಕಾದ್ರೂ ಬಿಡು!"

ದೊರೆಯಪ್ಪ ಇಳಿದು ಬರುವಷ್ಟರಲ್ಲಿ ಆಟ ಶುರುವಾಗಿತ್ತು. ಚೆಂಡು ಉರುಳಿ ಅವನ ಕಾಲಿಗೇ ಬಂತು. ತಗೋ, ಜಾಲಿ ಮರದ ಕಡೆ ಓಡಿದ ನೋಡಿ! ಗುಡ್ಡದವರು ಒಬ್ಬರೂ ತಡೆಯಲಿಲ್ಲ. ಯಾಕೆ ತಡೆದಾರು?

"ದೊರೆಯಪ್ಪಾ, ನಿಲ್ಲೋ! ನಾನು ಕಣೋ, ಬೋರಜ್ಜ!"

"ಥೂ, ಆ ಕಡೆ ಸೇರಿಕೊಂಡ್ಯಾ? ನಾಚಿಕೆ ಆಗಲ್ವಾ ನಿನಗೆ?" ಎಂದು ಬೈದು, ಬಲವಾಗಿ ಒದ್ದ. ಗೋಲು!

ಬಾಲ ಎತ್ತಿ ಕುಣಿಯತೊಡಗಿದ. ಆಮೇಲೆ ನೋಡಿದರೆ ಕುಣಿಯುತ್ತಿದ್ದವರು ಗುಡ್ಡದವರು! ತನ್ನವರೆಲ್ಲ ತಲೆ ತಗ್ಗಿಸಿ ನಿಂತಿದ್ದರು. ಒಂದು-ಒಂದು ಸಮ. ದೊರೆಯಪ್ಪನ ಬಾಲ ನಿಧಾನಕ್ಕೆ ಇಳಿಯಿತು. ಕೆಂಚಿ ಅವನನ್ನು ಬಯ್ಯಲಿಲ್ಲ. ಚೆಂಡನ್ನೇ ನೋಡುತ್ತಿದ್ದಳು, ಕಣ್ಣು ತುಂಬಿತ್ತು. ಅದನ್ನು ಕಂಡು ಅವನಿಗೆ ನಿಜವಾಗಿ ಸಂಕಟವಾಯಿತು.

ಅಷ್ಟರಲ್ಲಿ ಒಂದು ಮೊಲದ ಕಾಲಿಗೆ ಮುಳ್ಳು ಚುಚ್ಚಿತು. ಅದರ ಬದಲಿಗೆ ಕೆಂಚಿ ಒಳಗೆ ಬಂದಳು. ಹೊತ್ತು ಮುಗಿಯುತ್ತ ಬಂದಿತ್ತು. ಚೆಂಡು ಗುಡ್ಡದವನೊಬ್ಬನ ಕಾಲಿಗೆ ತಾಗಿ ಗೆರೆ ದಾಟಿತು. ಎಸೆತ ಕೆರೆಯವರದು.

ದೊರೆಯಪ್ಪ ಚೆಂಡು ಎತ್ತಿಕೊಂಡ. ಕೈ ಬೀಸಲು ಹೋದವನು ನಿಂತುಬಿಟ್ಟ. ಆಚೀಚೆ ನೋಡಿ, ಸಣ್ಣ ದನಿಯಲ್ಲಿ ಕೇಳಿದ:

"ಕೆಂಚೀ... ಇದನ್ನ ಹ್ಯಾಗೆ ಎಸೀಬೇಕು? ನಂಗೆ ಗೊತ್ತಿಲ್ಲ."

ಕೆಂಚಿ ನಗಲಿಲ್ಲ. "ಎರಡೂ ಕಾಲು ನೆಲದ ಮೇಲಿರಲಿ. ಎರಡೂ ಕೈಲಿ ಹಿಡಿದು, ತಲೆ ಹಿಂದಿನಿಂದ ತಂದು, ತಲೆ ಮೇಲಿಂದ ಎಸಿ. ನಾನು ಗೋಲಿನ ಹತ್ತಿರ ನಿಂತಿರ್ತೀನಿ, ಅಲ್ಲಿಗೇ ಹಾಕು."

ಕೆಂಚಿ ಎಲ್ಲರನ್ನೂ ದಾಟಿ ಏರಿ ಕಡೆ ಹೋಗಿ ನಿಂತಳು. ದೊರೆಯಪ್ಪ ಹೇಳಿದಂತೆಯೇ ಎಸೆದ.

"ಆಫ್‌ಸೈಡ್! ಆಫ್‌ಸೈಡ್!" ಎಂದು ರುದ್ರೋಜಿ ಮುಂಗಾಲು ಎತ್ತಿ ಅರಚಿದ. ಅವನವರೆಲ್ಲ ಆಟ ನಿಲ್ಲಿಸಿ ಮುಂಗಾಲು ಎತ್ತಿದರು. ಅವರ ಗೋಲ್‌ಕೀಪರ್ ಕಾಡುಹಂದಿಯೂ ಎತ್ತಿದ. ಕೆಂಚಿ ಮೂತಿಯಿಂದ ಚೆಂಡನ್ನು ಮೆಲ್ಲಗೆ ತಳ್ಳಿದಳು. ಅದು ಉರುಳುತ್ತ ಉರುಳುತ್ತ ಗೆರೆಯ ಮೇಲೆ ನಿಂತಿತು.

"ಪೂರ್ತಿ ದಾಟಬೇಕು!" ಎಂದುಕೊಂಡು ಕೆಂಚಿ ಇನ್ನೊಮ್ಮೆ ತಳ್ಳಿದಳು. ದಾಟಿತು.

"ಟೀ-ಟೀ-ಟ್ಟೀ! ಗೋಲು! ಆಟ ಮುಗಿಯಿತು!"

"ಮೋಸ! ಅದು ಆಫ್‌ಸೈಡ್ ಅಲ್ವಾ?" ಎಂದು ರುದ್ರೋಜಿ ಹಾರಾಡಿದ.

"ಎಸೆತಕ್ಕೆ ಆಫ್‌ಸೈಡ್ ಇಲ್ಲಪ್ಪಾ."

"ಮತ್ತೆ ನಮಗ್ಯಾಕೆ ಹೇಳಲಿಲ್ಲ?"

"ಕೇಳಿದ್ರೆ ಹೇಳ್ತಿದ್ದೆ" ಎಂದಳು ಗೌರಕ್ಕ. "ಕೇಳಿದವಳು ಇವಳೊಬ್ಬಳೇ."

ಕೆಂಚಿ ಚೆಂಡನ್ನು ತಬ್ಬಿಕೊಂಡಳು. ಸ್ವಲ್ಪ ಹೊತ್ತಿಗೆ ಗುಡ್ಡದವರನ್ನೂ ಕೂಗಿ ಕರೆದಳು, ಒಬ್ಬಳೇ ಆಡುವ ಆಟವಲ್ಲವಲ್ಲ ಅದು. ಎಲ್ಲರೂ ಬಂದರು. ದೊರೆಯಪ್ಪ ಮಾತ್ರ ಬರಲಿಲ್ಲ. ಗೌರಕ್ಕನ ಪಕ್ಕದಲ್ಲಿ ಕೂತು, ಬಾಲ ಮಡಿಚಿಕೊಂಡು, ಅವನು ಕೇಳುತ್ತಿದ್ದ:

"ಅಕ್ಕಾ, ವಿರಾಮ ಆದ್ಮೇಲೆ ಆ ಶಾಲೆ ಮಕ್ಕಳು ಏನೇನು ಮಾಡಿದ್ರು? ಮೊದಲಿಂದ ಹೇಳು."

ನೀತಿ: ಗೊತ್ತಿಲ್ಲದ್ದನ್ನು ಕೇಳಿದವರ ಮರ್ಯಾದೆ ಹೋಗುವುದಿಲ್ಲ, ಗೊತ್ತೆಂದು ನಟಿಸಿದವರು ತಮ್ಮವರ ಮೇಲೇ ಗೋಲು ಹೊಡೆಯುತ್ತಾರೆ.