ಲಕ್ಷ ಬಿಲ್ವ ಏರಿಸಿದ ಪದ್ಮಾಜಮ್ಮಣ್ಣಿಯ ಕಥೆ

೧೯೭೪ನೆಯ ಇಸವಿ ನವೆಂಬರ್ ೧೮, ಕಾರ್ತಿಕದ ಮೊದಲನೆಯ ಸೋಮವಾರ. ನಮ್ಮ ಅತ್ತೆಯವರು ದೀಪದ ಮುಂದೆ ಕುಳಿತು ಹೇಳಿದ ಈ ಕಥೆಯನ್ನು ನನ್ನ ಹಳೆಯ ದಿನಚರಿಯ ಆ ಪುಟದಲ್ಲಿ ಅವರು ಹೇಳಿದಂತೆಯೇ ಬರೆದಿಟ್ಟಿದ್ದೇನೆ. ಕೊನೆಯನ್ನು ಸ್ವಲ್ಪ ತಿದ್ದಿ ಓದಬಾರದೇ ಎಂದು ಮನೆಯವರು ವರ್ಷವರ್ಷವೂ ಕೇಳುತ್ತಾರೆ. ತಿದ್ದಿಲ್ಲ. ಕೈಯಲ್ಲಿ ಅಕ್ಷತೆ ಹಿಡಿದು, ಒಂದೇ ಒಂದು ಬಿಲ್ವಪತ್ರೆಯನ್ನೂ ಒಂದು ಕೊಡ ನೀರನ್ನೂ ಮುಂದಿಟ್ಟುಕೊಂಡು ಕೇಳಿ.

ಹೊಳೆಯ ದಂಡೆಯ ಮೇಲೆ ಸಿರಿಗುಂದವೆಂಬ ಪಟ್ಟಣವಿತ್ತು. ಅದನ್ನಾಳುವ ಪಾಳೆಯಗಾರನ ಮಡದಿ ಪದ್ಮಾಜಮ್ಮಣ್ಣಿ. ಆಕೆಗೆ ಒಬ್ಬಳೇ ಮಗಳು, ಗೌರಾಜಿ. ಮಗು ಹುಟ್ಟಿದಾರಭ್ಯ ಹೊಟ್ಟೆಯ ಸೂಕ್ಷ್ಮದವಳು. ಉಂಡದ್ದು ಮೈಗೆ ಹತ್ತದು, ಮಳೆಗಾಲ ಬಂತೆಂದರೆ ಭೇದಿ ಬಿಡದು. ಊರ ಹೊರಗೆ ಈಶ್ವರನ ಗುಡಿ, ಗುಡಿಯ ಹಿಂದೆ ಮುನ್ನೂರು ವರ್ಷದ ಬಿಲ್ವದ ಮರ, ಮರದ ಬಳಿಯ ಗುಡಿಸಲಿನಲ್ಲಿ ಮದ್ದು ಕೊಡುವ ಮಾಳವ್ವ. ಆಕೆ ಚಳಿಗಾಲದಲ್ಲಿ ಬಿಲ್ವದ ಎಳೆಗಾಯಿಗಳನ್ನಿಳಿಸಿ, ಬಿಲ್ಲೆಬಿಲ್ಲೆಯಾಗಿ ಕೊಯ್ದು, ಒಣಗಿಸಿ ಮಡಕೆಯಲ್ಲಿ ತುಂಬಿಟ್ಟು, ಮಳೆಗಾಲದಲ್ಲಿ ಕುಟ್ಟಿ ಮಜ್ಜಿಗೆಯಲ್ಲಿ ಕದಡಿ ಊರ ಮಕ್ಕಳಿಗೆಲ್ಲ ಕುಡಿಸುವಳು. ಗೌರಾಜಿಯೂ ಅದನ್ನೇ ಕುಡಿದು ಏಳು ಮಳೆಗಾಲ ದಾಟಿದ್ದಳು.

ಆ ಊರಿನಲ್ಲಿ ಕಾರ್ತಿಕ ಸೋಮವಾರದ ಕ್ರಮ ಹೀಗಿತ್ತು. ಹೆಂಗಸರು ಮಿಂದು ಬಂದು, ಒಂದೊಂದು ಕೊಡ ನೀರನ್ನು ಬಿಲ್ವದ ಬುಡಕ್ಕೆರೆದು, ಹಿಂದಿನ ದಿನವೇ ಮರವನ್ನು ಕೇಳಿ ಇಳಿಸಿಕೊಂಡ ಒಂದೊಂದು ಪತ್ರೆಯನ್ನು ಶಿವನಿಗೇರಿಸಿ, ಅದನ್ನೇ ತೊಳೆದಿಟ್ಟುಕೊಂಡು ಮುಂದಿನ ಸೋಮವಾರವೂ ಏರಿಸುವರು. ಬಿಲ್ವ ಬಾಡಿದರೂ ದೋಷವಿಲ್ಲ, ಏರಿಸಿದ್ದನ್ನು ತೊಳೆದು ಮತ್ತೆ ಏರಿಸಿದರೂ ದೋಷವಿಲ್ಲ.

ಪದ್ಮಾಜಮ್ಮಣ್ಣಿಗೆ ಇದು ಸರಿಬರಲಿಲ್ಲ. ಮಗಳಿಗೆ ನೂರು ವರ್ಷ ಆಯುಸ್ಸು ಬೇಡುವವಳು, ಕೂಲಿಯವಳೂ ಏರಿಸುವ ಒಂದೆಲೆಯನ್ನು, ಅದೂ ತೊಳೆದದ್ದನ್ನು, ಏರಿಸುವುದುಂಟೇ ಎಂದುಕೊಂಡು, ಒಂದೇ ಸೋಮವಾರ ಲಕ್ಷ ಹೊಸ ಪತ್ರೆ ಏರಿಸುವೆನೆಂದು ಸಂಕಲ್ಪ ಮಾಡಿದಳು. ಸುದ್ದಿ ಕೇಳಿ ಮಾಳವ್ವ ಅರಮನೆಯ ಹಿತ್ತಲ ಬಾಗಿಲಿಗೆ ಬಂದು ನಿಂತಳು.

“ಅಮ್ಮಣ್ಣೀ, ಲಕ್ಷವೇ ಬೇಕೆಂದರೆ ಒಂದೇ ಪತ್ರೆಯನ್ನು ತೊಳೆದು ತೊಳೆದು ಲಕ್ಷ ಸಲ ಏರಿಸಿ. ಶಿವ ಬೇಡವೆನ್ನುವುದಿಲ್ಲ.”

“ಅಷ್ಟು ಬಡತನ ನಮ್ಮ ಮನೆಗಿನ್ನೂ ಬಂದಿಲ್ಲ ಮಾಳವ್ವಾ.”

“ಮನೆಗೆ ಬರುವುದಿಲ್ಲ ತಾಯೀ, ಮರಕ್ಕೆ ಬರುತ್ತದೆ,” ಎಂದು ಹೇಳಿ ಮುದುಕಿ ಹೊರಟುಹೋದಳು.

ಭಾನುವಾರ ಆಳುಗಳು ಏಣಿ ಹಾಕಿ ಹತ್ತಿದರು. ಬಿಲ್ವದ ಮುಳ್ಳು ಕೈಗೆ ಚುಚ್ಚಿ ರಕ್ತ ಬಂತೇ ಹೊರತು, ಮಧ್ಯಾಹ್ನವಾದರೂ ಹತ್ತು ಸಾವಿರ ಪತ್ರೆ ಆಗಲಿಲ್ಲ. ಕೊಂಬೆಗಳನ್ನೇ ಕಡಿದು ತರೋಣವೇ, ಅಂಗಳದಲ್ಲಿ ಕುಳಿತು ಬಿಡಿಸಿಕೊಳ್ಳಬಹುದು ಎಂದು ಕೇಳಿಕಳಿಸಿದರು. ಪದ್ಮಾಜಮ್ಮಣ್ಣಿ ಹೂಂ ಎಂದಳು. ಕೊಂಬೆಗಳು ಬಂದು ಬಿದ್ದವು, ಹೆಂಗಸರು ಸುತ್ತ ಕುಳಿತು ಬಿಡಿಸಿ ಸಾವಿರ ಸಾವಿರದ ಗುಡ್ಡೆ ಮಾಡಿದರು. ನಡುವೆ ಲೆಕ್ಕ ತಪ್ಪಿ ಜಗಳವಾದಾಗ ಅಡುಗೆಯವಳೊಬ್ಬಳು, ಮೂರು ಕಣ್ಣಿನವನಿಗೆ ನಾವು ಎಣಿಸಿ ತೋರಿಸಬೇಕೇ ಎಂದು ನಗಿಸಿದಳು.

ಕೊಂಬೆಗಳಲ್ಲಿ ಎಳೆಗಾಯಿಗಳು ತುಂಬಿದ್ದವು. ಸಂಕಲ್ಪದಲ್ಲಿ ಕಾಯಿಯ ಮಾತಿರಲಿಲ್ಲವಾದ್ದರಿಂದ ಅವನ್ನು ಬುಟ್ಟಿಬುಟ್ಟಿಯಾಗಿ ತಿಪ್ಪೆಗೆ ಸುರಿದರು. ಗೌರಾಜಿ ಒಂದು ಕಾಯಿಯನ್ನು ಚೆಂಡಿನಂತೆ ಎತ್ತಿಕೊಂಡು ಬಂದು, “ಅಮ್ಮಯ್ಯಾ, ಇದನ್ನು ಏರಿಸುವುದಿಲ್ಲವೇ?” ಎಂದು ಕೇಳಿದಳು. ಮಡಿಯಲ್ಲಿದ್ದ ತಾಯಿ, ಮುಟ್ಟಿಸಿಕೊಳ್ಳದೆ, ಎಸೆದು ಬಾ ಎಂದಳು. ಮಗು ಹೋಗಿ ಎಸೆದು ಬಂತು.

ಲಕ್ಷ ಪತ್ರೆ ಏರಿತು, ಲಿಂಗ ಮುಚ್ಚಿಹೋಯಿತು, ಊರೆಲ್ಲ ಕೊಂಡಾಡಿತು. ಬೋಳಾದ ಮರ ಬೇಸಗೆಗೆ ತುದಿಯಿಂದ ಒಣಗುತ್ತ ಬಂದು ನಿಂತಲ್ಲೇ ಸತ್ತಿತು.

ಆ ವರ್ಷದ ಮಳೆಗೆ ಹೊಳೆ ಕೆಂಪಗೆ ಬಂದು, ಊರಿನಲ್ಲಿ ರಕ್ತಭೇದಿ ಎದ್ದಿತು. ಮೊದಲು ಕೇರಿಯ ಮಕ್ಕಳು ಮಲಗಿದರು, ಆಮೇಲೆ ಗೌರಾಜಿ ಮಲಗಿದಳು. ಅರಮನೆಯ ಪಂಡಿತರ ಭಸ್ಮ, ಲೇಹ್ಯ ಯಾವುದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಪದ್ಮಾಜಮ್ಮಣ್ಣಿ ಪಲ್ಲಕ್ಕಿಯನ್ನೂ ಕರೆಸದೆ, ಕೆಸರಿನಲ್ಲಿ ನಡೆದು ಮಾಳವ್ವನ ಗುಡಿಸಲಿಗೆ ಹೋಗಿ ಕೈಚಾಚಿದಳು. ಮಾಳವ್ವ ಬಯ್ಯಲಿಲ್ಲ. ಮಡಕೆಯನ್ನು ತಂದು ಮುಂದೆ ಬೋರಲು ಹಾಕಿದಳು. ತಳದಲ್ಲಿದ್ದ ಹಳೆಯ ಚೂರನ್ನು ಬಳಿದು ಕೇರಿಯ ಮಗುವೊಂದಕ್ಕೆ ಅಂದೇ ಕುಡಿಸಿಯಾಗಿತ್ತು.

“ಈ ವರ್ಷದ ಕಾಯಿ ನಿಮ್ಮ ಮನೆಯ ತಿಪ್ಪೆಯಲ್ಲಿತ್ತು ಅಮ್ಮಣ್ಣೀ,” ಎಂದಷ್ಟೇ ಅಂದಳು.

ಮೂರನೆಯ ದಿನ ಗೌರಾಜಿ ತೀರಿಕೊಂಡಳು. ಬೇರೆ ವ್ರತಗಳ ಕಥೆಯಲ್ಲಿ ತಪ್ಪೊಪ್ಪಿಕೊಂಡರೆ ಸತ್ತವರು ನಿದ್ದೆಯಿಂದೆದ್ದಂತೆ ಎದ್ದು ಕೂರುತ್ತಾರೆ. ಪದ್ಮಾಜಮ್ಮಣ್ಣಿಯೂ ಹಾಗೆಂದು ಕಾದಳು. ಕನಸಿನಲ್ಲಿ ಶಿವ ಬರಲಿಲ್ಲ, ಆಕಾಶವಾಣಿಯಾಗಲಿಲ್ಲ. ಮಾಳವ್ವ ಬಂದಳು. ಬಂದು, ಸತ್ತ ಮರದ ಬೇರಿನಿಂದ ಗೇಣುದ್ದದ ಚಿಗುರೊಂದು ಎದ್ದಿದೆಯೆಂದೂ, ಅದಕ್ಕೆ ನೀರು ಹೊರುವ ಶಕ್ತಿ ತನಗಿಲ್ಲವೆಂದೂ ಹೇಳಿದಳು.

ಅಂದಿನಿಂದ ಪದ್ಮಾಜಮ್ಮಣ್ಣಿ ತಾನೇ ಕೊಡ ಹೊತ್ತು, ತಾನೇ ಮುಳ್ಳುಬೇಲಿ ಕಟ್ಟಿ, ಆಡು ಕುರಿ ಬಾಯಿ ಹಾಕದಂತೆ ಕಾಯ್ದು ಸಸಿಯನ್ನು ಬೆಳೆಸಿದಳು. ಅದರಿಂದ ಒಂದೆಲೆಯನ್ನೂ ಕೀಳದೆ, ತಾನಾಗಿ ಉದುರಿದ ಒಂದು ಪತ್ರೆಯನ್ನು ತೊಳೆದು ತೊಳೆದು ಸೋಮವಾರ ಸೋಮವಾರ ಏರಿಸಿದಳು. ಒಂಬತ್ತನೆಯ ವರ್ಷ ಏಳು ಕಾಯಿ ಬಿಟ್ಟಿತು. ಅಷ್ಟರಲ್ಲಿ ಮಾಳವ್ವ ಇರಲಿಲ್ಲ. ಪದ್ಮಾಜಮ್ಮಣ್ಣಿಯೇ ಕೊಯ್ದು ಒಣಗಿಸಿ ಮಡಕೆಯಲ್ಲಿಟ್ಟಳು. ಆ ಮಳೆಗಾಲ ಮಡಿವಾಳರ ಮನೆಯ ಹೆಣ್ಣುಮಗುವೊಂದು ಆಕೆಯ ತೊಡೆಯ ಮೇಲೆ ಮಲಗಿ ಮದ್ದು ಕುಡಿದು, ಮೂರನೆಯ ದಿನ ಎದ್ದು ಗಂಜಿ ಕೇಳಿತು. ಆಕೆ ಗಂಜಿ ಕುಡಿಸಿ, ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಮುಂದೆ ಮರ ಬೆಳೆಯಿತು, ಊರು ಬೆಳೆಯಿತು, ಮಡಕೆ ಮತ್ತೆ ಬರಿದಾಗಲಿಲ್ಲ.

ಈ ಕಥೆಯನ್ನು ಓದಿದವರು, ಹೇಳಿದವರು, ಕುಳಿತು ಹೂಂಗುಟ್ಟಿದವರು ಎಲ್ಲರ ಮನೆಯ ಮುಂದೆಯೂ ಒಂದು ಮರ ನಿಲ್ಲಲಿ, ಮದ್ದಿನ ಮಡಕೆ ತುಂಬಿರಲಿ. ಪದ್ಮಾಜಮ್ಮಣ್ಣಿಗೆ ಕೊನೆಗೆ ದೊರೆತ ಫಲ ಅವರಿಗೆ ಮೊದಲೇ ದೊರೆಯಲಿ. ಅಕ್ಷತೆಯನ್ನು ದೇವರಿಗೆ ಹಾಕಿ, ಪತ್ರೆಯನ್ನು ಏರಿಸಿ, ಕೊಡದ ನೀರನ್ನು ಗಿಡದ ಬುಡಕ್ಕೆರೆಯಿರಿ.

ಆ ಫಲಕ್ಕೆ ಸಿರಿಗುಂದದವರು ತೆತ್ತದ್ದು ಇಷ್ಟು. ಮುನ್ನೂರು ವರ್ಷದ ಒಂದು ಮರ. ಕೇರಿಯ ಹದಿನಾಲ್ಕು ಮಕ್ಕಳು. ಹದಿನೈದನೆಯವಳು ಗೌರಾಜಿ, ಏಳು ತುಂಬಿ ಎಂಟು ನಡೆಯುತ್ತಿತ್ತು.